ವಾರದ ಚುಚ್ಚುಮದ್ದು ತಪ್ಪಿದಾಗ

ತೂಕ ಇಳಿಸಲು ಪಡೆಯುತ್ತಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಭಾನುವಾರ ಮರೆತುಹೋಗಿ ಇಂದು, ಬುಧವಾರ, ನೆನಪಾಗಿದೆ. ಮುಂದಿನ ಭಾನುವಾರ ಎರಡು ಡೋಸ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನ ಡೋಸ್‌ಗೆ 48 ಗಂಟೆಗಳಿಗಿಂತ ಹೆಚ್ಚು ಸಮಯವಿದ್ದರೆ ನೆನಪಾದ ಕೂಡಲೇ ಒಂದು ಡೋಸ್ ತೆಗೆದುಕೊಂಡು ಮುಂದಿನದನ್ನು ಎಂದಿನ ದಿನವೇ ಪಡೆಯಬಹುದು. ಅದಕ್ಕಿಂತ ಕಡಿಮೆಯಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಬೇಕು. ನಿಮಗೆ ಇನ್ನೂ ನಾಲ್ಕು ದಿನಗಳಿರುವುದರಿಂದ ಇಂದೇ ತೆಗೆದುಕೊಳ್ಳಬಹುದು.

ಔಷಧದ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರವೇ ಬೇಕಾಗುವುದರಿಂದ, ಮೂರು ದಿನ ತಡವಾದ ಮಾತ್ರಕ್ಕೆ ಈವರೆಗಿನ ನಿಮ್ಮ ಶ್ರಮ ವ್ಯರ್ಥವಾಗುವುದಿಲ್ಲ. ಆದರೆ ಇದು ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುವ ಔಷಧವಾದ್ದರಿಂದ, ಇಮ್ಮಡಿ ಪ್ರಮಾಣ ಒಮ್ಮೆಲೇ ದೇಹ ಸೇರಿದರೆ ತೀವ್ರ ವಾಕರಿಕೆ, ವಾಂತಿ ಕಾಣಿಸಿಕೊಂಡು ದೇಹದ ನೀರಿನಂಶವೇ ಕುಸಿಯಬಹುದು. 0.25 ಮಿಲಿಗ್ರಾಂನಿಂದ ಆರಂಭಿಸಿ, ಸಾಮಾನ್ಯವಾಗಿ ನಾಲ್ಕು ವಾರಗಳಿಗೊಮ್ಮೆ ಏರಿಸುತ್ತ ಹೋಗುವುದೂ ಹೊಟ್ಟೆ ಇದಕ್ಕೆ ಒಗ್ಗಿಕೊಳ್ಳಲೆಂದೇ. ಸತತವಾಗಿ ಎರಡು ಅಥವಾ ಅದಕ್ಕಿಂತ ಹೆಚ್ಚು ಡೋಸ್ ತಪ್ಪಿದ್ದರೆ ಮಾತ್ರ ಹಳೆಯ ಪ್ರಮಾಣವನ್ನೇ ಮುಂದುವರಿಸುವ ಮೊದಲು ವೈದ್ಯರನ್ನು ಕೇಳಿ. ಕೆಲವೊಮ್ಮೆ ಕಡಿಮೆ ಪ್ರಮಾಣದಿಂದ ಪುನಃ ಆರಂಭಿಸಬೇಕಾಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು: ಬೆನ್ನಿಗೂ ಹರಡುವ, ಬಿಡದೆ ಕಾಡುವ ತೀವ್ರ ಹೊಟ್ಟೆನೋವು ಬಂದರೆ ಅದು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು, ಆಗ ಚುಚ್ಚುಮದ್ದು ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.