‘ಪೆಟ್ಟು ಬಿದ್ದಿಲ್ಲ’ ಎಂದು ಬರೆಸಿಕೊಂಡ ಚೀಟಿ

ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನ ಕಾರು ನಿಧಾನವಾಗಿ ಬಂದು ಗುದ್ದಿತು, ಬಂಪರ್ ಮಾತ್ರ ನೆಗ್ಗಿತು, ಅವರು ಐದು ಸಾವಿರ ಕೊಟ್ಟರು, ನೀವು ತೆಗೆದುಕೊಂಡಿರಿ, ಈಗ ಎರಡು ವಾರದಿಂದ ಕುತ್ತಿಗೆ ತಿರುಗುತ್ತಿಲ್ಲ. ಇಷ್ಟು ನಿಧಾನದ ಗುದ್ದಿಗೆ ವಿಮೆ ಕಂಪನಿ ಪರಿಹಾರ ಕೊಡುತ್ತದೆಯೇ, ಎಷ್ಟು ಸಿಗಬಹುದು ಎಂದು ಕೇಳಿದ್ದೀರಿ. ಇಷ್ಟೇ ಆಗಿದ್ದರೆ ಓದಿ ಮುಂದೆ ಹೋಗುತ್ತಿದ್ದೆ. ಆದರೆ ನಡುವೆ ಒಂದು ಮಾತು ಸೇರಿಸಿದ್ದೀರಿ: ‘ಕ್ಲಿನಿಕ್‌ನಲ್ಲಿ ಅಪಘಾತದ ವಿಷಯ ಹೇಳಲಿಲ್ಲ, ಯಾಕೆ ಸುಮ್ಮನೆ ರಗಳೆ ಎಂದು.’ ಅದನ್ನು ಓದಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

ನಾನು ರವಿಕೆ ಹೊಲಿಯುವವಳು. ಬನಶಂಕರಿಯ ಕಡೆ ಒಂದು ಅಂಗಡಿ, ಎರಡು ಯಂತ್ರ, ಫಾಲ್ಸ್ ಹಾಕಲು ಒಬ್ಬ ಹುಡುಗಿ. 2018ರ ಆಗಸ್ಟ್ 6, ಸೋಮವಾರ. ಚಿಕ್ಕಪೇಟೆಯಿಂದ ಲೈನಿಂಗ್ ಬಟ್ಟೆ, ಹುಕ್ಕು ತೆಗೆದುಕೊಂಡು ನನ್ನ ಹಳೆಯ ಕಾರಿನಲ್ಲಿ ವಾಪಸ್ ಬರುತ್ತಿದ್ದೆ. ಸೌತ್ ಎಂಡ್ ವೃತ್ತದ ಸಿಗ್ನಲ್‌ನಲ್ಲಿ ನಿಂತಿದ್ದೇನೆ, ಹಿಂದಿನಿಂದ ದಡ್ ಎಂದು ಸದ್ದು. ನಡೆದು ಬರುವವರು ಡಿಕ್ಕಿ ಹೊಡೆದಷ್ಟೇ ಎನ್ನಿಸಿತು. ಇಳಿದು ನೋಡಿದರೆ ಬಂಪರ್‌ನಲ್ಲಿ ಒಂದು ಗುಳಿ. ಆ ಕಾರಿನಿಂದ ಇಳಿದವರು ಅರವತ್ತು ದಾಟಿದ ಹಿರಿಯರು. ಕೈ ನಡುಗುತ್ತಿತ್ತು. ‘ಬ್ರೇಕ್ ಬದಲು ಕ್ಲಚ್ ಒತ್ತಿಬಿಟ್ಟೆನಮ್ಮಾ, ಕ್ಷಮಿಸಿ’ ಎಂದರು. ಮೂರು ಸಾವಿರ ಕೊಟ್ಟರು. ನಾನೇ ಅವರಿಗೆ ನೀರು ಕುಡಿಸಿ ಕಳಿಸಿದೆ. ಕಾರಿನ ಸಂಖ್ಯೆಯ ಫೋಟೋ ಮಾತ್ರ ಅಭ್ಯಾಸಬಲದಿಂದ ತೆಗೆದುಕೊಂಡೆ, ಅದೊಂದು ಒಳ್ಳೆಯದಾಯಿತು.

ಆ ರಾತ್ರಿ ಏನೂ ಇಲ್ಲ. ಮರುದಿನ ಬೆಳಗ್ಗೆ ತಲೆ ದಿಂಬಿನಿಂದ ಏಳಲಿಲ್ಲ. ಇದು ಹೀಗೆಯೇ ಆಗುತ್ತದೆ ಎಂದು ಆಮೇಲೆ ಮೂಳೆ ವೈದ್ಯರು ವಿವರಿಸಿದರು. ಹಿಂದಿನಿಂದ ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಇದ್ದಲ್ಲೇ ಉಳಿದು ಆಮೇಲೆ ಜೋಲಿ ಹೊಡೆಯುತ್ತದೆ, ಕುತ್ತಿಗೆಯ ಸ್ನಾಯು ಮತ್ತು ಕಟ್ಟುಗಳು ಎಳೆದುಹೋಗುತ್ತವೆ. ನೋವು ಒಂದೆರಡು ದಿನ ಬಿಟ್ಟು ಬರುವುದೂ ಉಂಟು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಸ್ನಾಯು ಕಾಣುವುದಿಲ್ಲ. ಆದ್ದರಿಂದ ‘ಎಕ್ಸ್‌ರೇ ನಾರ್ಮಲ್ ಬಂದಿದೆ’ ಎಂದು ನೀವು ಹೆದರಬೇಕಾಗಿಲ್ಲ. (ನನ್ನ ಕಾರಿನ ಸೀಟಿನ ತಲೆದಿಂಬನ್ನು, ಬಟ್ಟೆ ಗಂಟು ಇಡಲು ಅಡ್ಡವಾಗುತ್ತದೆಂದು ನಾನೇ ಕಿತ್ತಿಟ್ಟಿದ್ದೆ. ನಿಮ್ಮದು ಕಿವಿಯ ಮಟ್ಟಕ್ಕಿಂತ ಕೆಳಗಿದ್ದರೆ ಈಗಲೇ ಎತ್ತರಿಸಿ.)

ಬುಧವಾರ ಮನೆಯ ಹತ್ತಿರದ ಕ್ಲಿನಿಕ್‌ಗೆ ಹೋದೆ. ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮೂರು ವರ್ಷ ಕೆಟ್ಟದ್ದು ಆ ನಾಲ್ಕು ನಿಮಿಷದಲ್ಲಿ. ಕೌಂಟರಿನ ಮೇಲೆ ಕೈಬರಹದ ಚೀಟಿ ಅಂಟಿಸಿತ್ತು: ಅಪಘಾತದ ಪ್ರಕರಣಗಳನ್ನು ಇಲ್ಲಿ ನೋಡುವುದಿಲ್ಲ. ಅಪಘಾತ ಎಂದರೆ ಎಂಎಲ್‌ಸಿ, ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ. ಅದಕ್ಕೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಅರ್ಧ ದಿನ ಕೂರಬೇಕು. ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 24ಕ್ಕೆ. ಅಂಗಡಿಯಲ್ಲಿ 41 ರವಿಕೆ ಬಾಕಿ. ಅದೂ ಅಲ್ಲದೆ ಮೂರು ಸಾವಿರ ತೆಗೆದುಕೊಂಡು ಆ ಹಿರಿಯರನ್ನು ಪೊಲೀಸ್ ಠಾಣೆಗೆ ಎಳೆಯುವುದು ಎಂತಹ ಮರ್ಯಾದೆ ಎನ್ನಿಸಿತು. ಅತ್ತೆ ಬೇರೆ ಮನೆ ಬಿಡುವಾಗಲೇ ‘ಸ್ಟೇಷನ್ ಗಿಷ್ಟೇಷನ್ ಬೇಡ’ ಎಂದಿದ್ದರು. ವೈದ್ಯರು ಕೇಳಿದರು: ‘ಎಲ್ಲಾದರೂ ಬಿದ್ದಿರಾ? ಪೆಟ್ಟು ಏನಾದರೂ?’ ನಾನು ಹೇಳಿದೆ: ‘ಇಲ್ಲ ಸಾರ್, ಮಲಗಿದ್ದು ಸರಿಯಾಗಲಿಲ್ಲ ಅನ್ನಿಸುತ್ತದೆ.’

ಅವರು ಚೀಟಿಯಲ್ಲಿ ಬರೆದರು: ಎರಡು ದಿನದಿಂದ ಕುತ್ತಿಗೆ ನೋವು, ಪೆಟ್ಟಿನ ಹಿನ್ನೆಲೆ ಇಲ್ಲ. ಕೆಳಗೆ ದಿನಾಂಕ, ಮೊಹರು. ವೈದ್ಯರದು ಏನೂ ತಪ್ಪಿಲ್ಲ, ನಾನು ಹೇಳಿದ್ದನ್ನೇ ಬರೆದರು. ವೈದ್ಯರು ಎಲ್ಲರಿಗಿಂತ ಮೊದಲು ಬರೆದುಕೊಂಡ ಮಾತಿಗೆ ಎಷ್ಟು ತೂಕವಿದೆಯೆಂದು ನನಗೆ ಆಗ ಗೊತ್ತಿರಲಿಲ್ಲ. ಪರಿಹಾರದ ಆಸೆ ಹುಟ್ಟುವ ಮೊದಲು ರೋಗಿ ಆಡಿದ ಮಾತು ಅದು, ಆದ್ದರಿಂದ ಅದೇ ನಿಜ ಎಂದು ಎದುರು ಪಕ್ಷದವರು ವಾದಿಸುತ್ತಾರೆ. ಆಮೇಲೆ ಹತ್ತು ವೈದ್ಯರಿಗೆ ಹತ್ತು ಸಲ ನಿಜ ಹೇಳಿದರೂ ಅದು ‘ಆಮೇಲೆ ಹೊಳೆದದ್ದು’ ಎನ್ನಿಸಿಕೊಳ್ಳುತ್ತದೆ.

ಮಾತ್ರೆ ನುಂಗಿ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕಟಿಂಗ್ ಟೇಬಲ್ ಮುಂದೆ ನಿಂತೆ. ಬಗ್ಗಲಾಗಲಿಲ್ಲ. 41ರಲ್ಲಿ 14 ಹೊಲಿದೆ. ಉಳಿದದ್ದನ್ನು ಬೇರೆ ಟೈಲರ್‌ಗೆ ಕೊಟ್ಟು ಕೂಲಿ ಕಟ್ಟಿದೆ, ನಾಲ್ಕು ಮನೆಯವರು ಬಟ್ಟೆ ವಾಪಸ್ ಒಯ್ದರು. ಹಬ್ಬ ಮುಗಿದ ಮೇಲೆ ದೊಡ್ಡ ಆಸ್ಪತ್ರೆ, ಎಂಆರ್‌ಐ, ವಾರಕ್ಕೆ ಮೂರು ದಿನ ಫಿಸಿಯೋಥೆರಪಿ. ಖರ್ಚು 26,800 ರೂಪಾಯಿ. ಗಂಡನ ಸ್ನೇಹಿತರೊಬ್ಬರು ‘ಆ ಕಾರಿನ ವಿಮೆ ಇರುವುದೇ ಇದಕ್ಕೆ’ ಎಂದಾಗ ಅಪಘಾತವಾಗಿ 23 ದಿನ ಕಳೆದಿತ್ತು. ಅಂದು ಸಂಚಾರ ಠಾಣೆಗೆ ಹೋಗಿ ದೂರು ಕೊಟ್ಟೆ. ‘ಇಷ್ಟು ದಿನ ಎಲ್ಲಿದ್ದಿರಿ ಅಮ್ಮಾ’ ಎಂದು ಕೇಳಿದರು, ಎರಡು ಸಲ ಅಲೆಸಿದರು, ಕೊನೆಗೆ ಎಫ್‌ಐಆರ್ ಆಯಿತು. ತಡವಾದ ದೂರು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ತಡ ಏಕಾಯಿತು ಎನ್ನುವುದಕ್ಕೆ ನಂಬುವಂತಹ ಉತ್ತರ ಇರಬೇಕು. ನನ್ನ ಬಳಿ ಇದ್ದದ್ದು ಆ ಚೀಟಿ.

ನೀವು ‘ವಿಮೆ ಕಂಪನಿಗೆ ಅರ್ಜಿ ಹಾಕಬಹುದೇ’ ಎಂದಿದ್ದೀರಿ. ನಮ್ಮಲ್ಲಿ ಅದು ಹಾಗೆ ನಡೆಯುವುದಿಲ್ಲ. ನಿಮ್ಮ ಸ್ವಂತ ಕಾರಿನ ವಿಮೆಯಲ್ಲಿ ಮಾಲೀಕ-ಚಾಲಕರಿಗೆ 15 ಲಕ್ಷದ ಅಪಘಾತ ರಕ್ಷಣೆ ಇರುತ್ತದೆ ನಿಜ, ಅದು ಸಾವು ಮತ್ತು ಕೆಲವು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಎಳೆದ ಕುತ್ತಿಗೆಗೆ ಒಂದು ಪೈಸೆ ಬರುವುದಿಲ್ಲ. ನೀವು ಹೋಗಬೇಕಾದದ್ದು ಗುದ್ದಿದ ಕಾರಿನ ಮಾಲೀಕರು ಮತ್ತು ಅವರ ವಿಮೆ ಕಂಪನಿಯ ಮೇಲೆ, ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದವರೇ ಇದನ್ನು ನೋಡುತ್ತಾರೆ.

ನಾನು 2019ರ ಫೆಬ್ರುವರಿಯಲ್ಲಿ ಅರ್ಜಿ ಹಾಕಿದೆ, ನಾಲ್ಕು ಲಕ್ಷ ಕೇಳಿ. ಆ ಅಂಕಿ ವಕೀಲರ ಗುಮಾಸ್ತರದು, ನನ್ನದಲ್ಲ. ಎಲ್ಲ ಕಾಗದ ತನ್ನಿ ಎಂದರು, ಆ ಚೀಟಿಯನ್ನೂ ಕೊಟ್ಟೆ, ಯಾರೂ ಓದಲಿಲ್ಲ. ಅದು ನಿಶಾನೆ ಪಡೆಯಿತು, ಅಂದರೆ ನ್ಯಾಯಾಲಯದಲ್ಲಿ ನನ್ನದೇ ಸಾಕ್ಷ್ಯದ ದಾಖಲೆಯಾಯಿತು. ‘ಹರಿದು ಹಾಕಬೇಕಿತ್ತು’ ಎಂದು ತಂಗಿ ಈಗಲೂ ಅನ್ನುತ್ತಾಳೆ. ಹರಿದರೆ ನನ್ನ ಪ್ರತಿ ಹೋಗುತ್ತಿತ್ತು, ಮಾತು ಹೋಗುತ್ತಿತ್ತೇ?

ಪಾಟೀ ಸವಾಲಿನ ದಿನ ವಿಮೆ ಕಂಪನಿಯ ವಕೀಲರು, ನನ್ನ ತಮ್ಮನ ವಯಸ್ಸಿನವರು, ಬಹಳ ಸೌಮ್ಯವಾಗಿ ಶುರುಮಾಡಿದರು. ಎಷ್ಟು ವರ್ಷದಿಂದ ಹೊಲಿಯುತ್ತಿದ್ದೀರಿ ಮೇಡಂ? ಹದಿನೇಳು. ದಿನಕ್ಕೆ ಎಷ್ಟು ಗಂಟೆ ಬಗ್ಗಿ ಕೂರುತ್ತೀರಿ? ಎಂಟು, ಹಬ್ಬದಲ್ಲಿ ಹನ್ನೆರಡು. ಎಂಆರ್‌ಐಯಲ್ಲಿ ಡಿಸ್ಕ್ ಸವೆದಿದೆ ಎಂದಿದೆಯಲ್ಲ, ಒಂದು ಗುದ್ದಿಗೆ ಸವೆಯುತ್ತದೆಯೇ? ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಆ ಪ್ರಶ್ನೆಯಲ್ಲಿ ಅರ್ಧ ನಿಜವಿತ್ತು. ಆಮೇಲೆ ಆ ಚೀಟಿ ಎತ್ತಿ ಹಿಡಿದು ಕೇಳಿದರು: ‘ಆ ದಿನ ವೈದ್ಯರಿಗೆ ಸುಳ್ಳು ಹೇಳಿದಿರೋ, ಈ ದಿನ ನ್ಯಾಯಾಲಯಕ್ಕೆ ಸುಳ್ಳು ಹೇಳುತ್ತಿದ್ದೀರೋ?’ ‘ಆ ದಿನ’ ಎಂದೆ. ಟೈಪಿಸ್ಟ್ ಅದನ್ನು ಹಾಗೆಯೇ ಟೈಪು ಮಾಡಿದರು.

ಆ ಹಿರಿಯರೂ ಒಂದು ದಿನ ಬಂದಿದ್ದರು. ಕ್ರಿಮಿನಲ್ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರು. ಜಗುಲಿಯ ಬೆಂಚಿನಲ್ಲಿ ಪಕ್ಕದಲ್ಲೇ ಕೂತು ‘ನೀವು ದುಡ್ಡು ತೆಗೆದುಕೊಂಡಿದ್ದಿರಲ್ಲಮ್ಮಾ’ ಎಂದರು. ಚಾಲನಾ ಪರವಾನಗಿ, ವಿಮೆ ಎರಡೂ ಸರಿಯಾಗಿರುವುದರಿಂದ ಪರಿಹಾರ ನಿಮ್ಮ ಕೈಯಿಂದ ಹೋಗುವುದಿಲ್ಲ, ಕಂಪನಿ ಕೊಡುತ್ತದೆ ಎಂದು ವಿವರಿಸಿದೆ. ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ.

ನಡುವೆ ಕೊರೊನಾ ಬಂತು, ನ್ಯಾಯಾಲಯ ಮುಚ್ಚಿತು, ತೆರೆಯಿತು. 2021ರ ನವೆಂಬರ್‌ನಲ್ಲಿ ತೀರ್ಪು. ಅಪಘಾತ ನಡೆದದ್ದು ಹೌದು, ಆದರೆ ನೋವೆಲ್ಲ ಅದರಿಂದಲೇ ಎಂಬುದು ಸಾಬೀತಾಗಿಲ್ಲ, ಗಾಯ ಸಾಧಾರಣ ಸ್ವರೂಪದ್ದು. ಎಲ್ಲ ಸೇರಿ ಒಟ್ಟಾರೆ 25,000, ಅರ್ಜಿಯ ದಿನದಿಂದ ಶೇಕಡಾ 6 ಬಡ್ಡಿ. ಆದಾಯಕ್ಕೆ ನನ್ನ ಬಳಿ ಇದ್ದದ್ದು ಅಳತೆ ಪುಸ್ತಕ ಮಾತ್ರ, ಅದರಲ್ಲಿ ಎದೆ ಸುತ್ತಳತೆ ಇತ್ತು, ರೂಪಾಯಿ ಇರಲಿಲ್ಲ. ವಕೀಲರ ಶುಲ್ಕ, ಓಡಾಟ ಕಳೆದು ಉಳಿದದ್ದು ಎಂಆರ್‌ಐ ಖರ್ಚಿಗೂ ಸಾಲಲಿಲ್ಲ.

ನನ್ನ ದೊಡ್ಡಪ್ಪನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಇಂತಹ ಕುತ್ತಿಗೆ ನೋವಿಗೆ ಪಡಿತರ ಅಂಗಡಿಯ ಬೋರ್ಡಿನ ಹಾಗೆ ದರಪಟ್ಟಿಯೇ ಇದೆ. 2021ರ ಮೇ 31ರಿಂದ ಜಾರಿಗೆ ಬಂದಾಗ ಮೂರು ತಿಂಗಳೊಳಗೆ ವಾಸಿಯಾಗುವ ನೋವಿಗೆ 240 ಪೌಂಡ್ ಇತ್ತು. ವೈದ್ಯಕೀಯ ವರದಿ ಇಲ್ಲದೆ ವಿಮೆ ಕಂಪನಿ ರಾಜಿಗೆ ಕರೆಯುವಂತೆಯೂ ಇಲ್ಲ. ನಮ್ಮಲ್ಲಿ ದರಪಟ್ಟಿ ಇಲ್ಲ. ಆದ್ದರಿಂದ ‘ಎಷ್ಟು ಸಿಗುತ್ತದೆ’ ಎಂಬ ನಿಮ್ಮ ಪ್ರಶ್ನೆಗೆ ಅಂಕಿ ಹೇಳುವ ಯಾರನ್ನೂ ನಂಬಬೇಡಿ. ‘ಇಷ್ಟು ನಿಧಾನದ ಗುದ್ದಿಗೆ’ ಎಂಬ ನಿಮ್ಮ ಅಳುಕನ್ನೂ ಬಿಡಿ. ನನ್ನ ಪ್ರಕರಣದಲ್ಲಿ ವೇಗ ಎಷ್ಟಿತ್ತೆಂದು ಮೂರು ವರ್ಷದಲ್ಲಿ ಯಾರೂ ಒಂದು ಸಲವೂ ಕೇಳಲಿಲ್ಲ.

ನಿಮಗೆ ನಾನು ಹೇಳುವುದು: ಇಂದೇ ಎಂಎಲ್‌ಸಿ ಬರೆಯುವ ಆಸ್ಪತ್ರೆಗೆ ಹೋಗಿ. ಯಾವ ದಿನ, ಯಾವ ಸಿಗ್ನಲ್, ಯಾವ ಕಾರು ಎಂದು ಹೇಳಿ. ಮೊದಲ ಕ್ಲಿನಿಕ್‌ನಲ್ಲಿ ಅಪಘಾತವನ್ನು ಹೇಳಲಿಲ್ಲ, ಇಂಥ ಕಾರಣಕ್ಕೆ ಹೇಳಲಿಲ್ಲ ಎಂಬುದನ್ನೂ ನೀವೇ ಹೇಳಿ ಬರೆಸಿ. ನಾನು ಅದನ್ನು ಪಾಟೀ ಸವಾಲಿನಲ್ಲಿ ಒಪ್ಪಿಕೊಂಡೆ. ಅದೇ ಮಾತನ್ನು ಎರಡನೆಯ ವಾರದಲ್ಲೇ ವೈದ್ಯರ ಮುಂದೆ ಆಡಿದ್ದರೆ ಅಷ್ಟು ಕೆಟ್ಟದಾಗಿ ಕೇಳಿಸುತ್ತಿರಲಿಲ್ಲ. ಐದು ಸಾವಿರ ಪಡೆದದ್ದನ್ನು ದೂರಿನಲ್ಲೂ ಬರೆಯಿರಿ, ಬಂಪರ್‌ಗೆ ಎಂದು ಬರೆಯಿರಿ. ನನ್ನ ಕಾಲದಲ್ಲಿ ಅರ್ಜಿಗೆ ಕಾಲಮಿತಿ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಎಂಬ ನಿಯಮ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಇತ್ಯರ್ಥವಾಗಲಿ ಎಂದು ಕಾಯುತ್ತಾ ಕೂರಬೇಡಿ.

ಆಸ್ಪತ್ರೆಯ ಬಾಗಿಲಲ್ಲೇ ದಲ್ಲಾಳಿಯೊಬ್ಬರು ಸಿಗುತ್ತಾರೆ. ಕಾಯ್ದೆಯ ಹೊಸ 164ನೇ ಕಲಮಿನಲ್ಲಿ ಯಾರ ತಪ್ಪೆಂದು ಸಾಬೀತು ಮಾಡದೆಯೇ ಎರಡೂವರೆ ಲಕ್ಷ ಬರುತ್ತದೆ ಎನ್ನುತ್ತಾರೆ. ಅದು ತೀವ್ರ ಸ್ವರೂಪದ ಗಾಯಕ್ಕೆ. ಹದಿನೈದು ದಿನ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರವೇ, ಅಷ್ಟು ದಿನದ ಕಾಗದ ಮಾಡಿಸೋಣ, ಶೇಕಡಾ ಇಷ್ಟು ವೈಕಲ್ಯದ ಪ್ರಮಾಣಪತ್ರವೂ ಸಿಗುತ್ತದೆ ಎನ್ನುತ್ತಾರೆ. ಪ್ರಮಾಣಪತ್ರದ ಮಾತನ್ನು ನನಗೂ ಹೇಳಿದ್ದರು. ಚಿಕಿತ್ಸೆ ಮಾಡದ ವೈದ್ಯರು ಕೊಡುವ ಇಂತಹ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಾಗಿರಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ನ್ಯಾಯಮಂಡಳಿಗಳಿಗೆ ತಿಳಿಸಿದೆ. ನಿಜವಾಗಿಯೇ ಹದಿನೈದು ದಿನ ಏಳಲಾಗದಿದ್ದರೆ ಅದನ್ನು ಬರೆಯಬೇಕಾದವರು ನಿಮಗೆ ಚಿಕಿತ್ಸೆ ಕೊಟ್ಟ ವೈದ್ಯರು. ಬಂದದ್ದರಲ್ಲಿ ಇಷ್ಟು ಪಾಲು ನಮಗೆ ಎನ್ನುವ ವಕೀಲರನ್ನೂ ಬಿಡಿ, ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ.

ಇನ್ನು ನಿಮಗೆ ಹಿಡಿಸದ ಮಾತು. ನಿಮ್ಮ ಖರ್ಚು ಹತ್ತು ಸಾವಿರದೊಳಗೆ ಮುಗಿದು, ರಜೆಗೆ ಸಂಬಳವೂ ಬಂದಿದ್ದರೆ, ನ್ಯಾಯಮಂಡಳಿಗೆ ಹೋಗಲೇಬೇಡಿ. ಬಿಲ್ಲುಗಳನ್ನು ಆ ಕಾರಿನವರಿಗೆ ತೋರಿಸಿ ಕೇಳಿ, ಕೊಟ್ಟರೆ ತೆಗೆದುಕೊಳ್ಳಿ, ಇಲ್ಲವಾದರೆ ಬಿಡಿ. ದುಡಿಮೆ ನಿಂತಿದ್ದರೆ ಮಾತ್ರ ಹೋಗಿ, ಹೋಗುವುದಾದರೆ ದುಡಿಮೆಯ ಲೆಕ್ಕ ಕಾಗದದಲ್ಲಿ ಇಟ್ಟುಕೊಂಡು ಹೋಗಿ. ಎರಡರಲ್ಲಿ ಯಾವುದನ್ನು ಮಾಡಿದರೂ ಕುತ್ತಿಗೆ ಪಟ್ಟಿಯನ್ನು ವಾರಗಟ್ಟಲೆ ಕಟ್ಟಿಕೊಂಡು ಕೂರಬೇಡಿ. ನಾನು ಕಟ್ಟಿಕೊಂಡು ಸ್ನಾಯು ಇನ್ನಷ್ಟು ಬಿಗಿದು ಫಿಸಿಯೋಥೆರಪಿ ಹತ್ತು ದಿನ ಹೆಚ್ಚಾಯಿತು.

ಇದನ್ನೆಲ್ಲ ಮಾಡುವ ಮೊದಲು ಆ ಕ್ಲಿನಿಕ್‌ನ ಚೀಟಿಯನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಬರೀ ‘ಕುತ್ತಿಗೆ ನೋವು’ ಎಂದಿದೆಯೋ, ‘ಪೆಟ್ಟಿಲ್ಲ’ ಎಂದೂ ಬರೆದಿದ್ದಾರೋ? ಎರಡಕ್ಕೂ ಬಹಳ ವ್ಯತ್ಯಾಸವಿದೆ. ಓದಿ ಇಲ್ಲಿ ತಿಳಿಸಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡುತ್ತೇನೆ.