ಗೋಡೆಯಾಚೆಯ ಕೂಗು ಕೇಳಿದವರ ಹೊಣೆ

ದಾವಣಗೆರೆಯಿಂದ ಪತ್ರ ಬರೆದಿರುವ ಮಾನ್ಯ ಓದುಗರಿಗೆ,

ನಿಮ್ಮ ಹೆಸರನ್ನು ಬಿಟ್ಟು ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ಕಳೆದ ತಿಂಗಳ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯಿಂದ ಹೆಂಗಸಿನ ಕೂಗು ಕೇಳಿಸಿತು. ಬೀದಿಯ ಏಳೆಂಟು ಮನೆಗಳಲ್ಲಿ ದೀಪ ಹತ್ತಿದರೂ ಯಾರೂ ಹೊರಗೆ ಬರಲಿಲ್ಲ. ನೀವು ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದುಕೊಂಡು ಕಿಟಕಿ ಮುಚ್ಚಿದಿರಿ. ಬೆಳಗಾದ ಮೇಲೆ ಆಕೆಯನ್ನು ಮುರಿದ ತೋಳು, ಒಡೆದ ತಲೆಯೊಂದಿಗೆ ಆಸ್ಪತ್ರೆಗೆ ಕರೆದೊಯ್ದರು. ‘ಹೊಡೆದವನು ಅವನು, ನನ್ನದೂ ತಪ್ಪೇ?’ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮದೂ ತಪ್ಪಿದೆ. ಹೊಡೆದವನ ಅಪರಾಧಕ್ಕೂ ನಿಮ್ಮ ತಪ್ಪಿಗೂ ಅಜಗಜಾಂತರವಿದೆ ಎಂಬುದನ್ನು ಮರೆಯದೆಯೇ ಈ ಮಾತು ಹೇಳುತ್ತಿದ್ದೇನೆ. ಸಮಾಧಾನದ ಮಾತು ಸಾಕೆನ್ನುವುದಾಗಿದ್ದರೆ ನೀವು ನಾಲ್ಕು ಪುಟದ ಪತ್ರ ಬರೆಯುತ್ತಿರಲಿಲ್ಲ.

ಮೊದಲು ಆ ಗಾದೆಯ ವಿಚಾರ. ಅದು ಹುಟ್ಟಿದ್ದು ಮಾತಿಗೆ ಮಾತು ಬೆಳೆದು ಮುನಿಸಿಕೊಂಡವರನ್ನು ಕುರಿತು. ಜಗಳಕ್ಕೆ ಇಬ್ಬರು ಬೇಕು, ಇಬ್ಬರಿಗೂ ಬಾಯಿ ಇರಬೇಕು. ಒಬ್ಬ ಹೊಡೆಯುತ್ತ ಇನ್ನೊಬ್ಬಳು ಹೊಡೆತ ತಿನ್ನುವುದನ್ನು ಜಗಳವೆಂದು ಕರೆದ ಗಳಿಗೆಯಲ್ಲೇ ನಾವು ಹೊಡೆಯುವವನ ಪಕ್ಷಕ್ಕೆ ಸೇರಿಬಿಟ್ಟಿರುತ್ತೇವೆ. ಇದು ನಮ್ಮೂರಿನ ರೋಗ ಮಾತ್ರವಲ್ಲ. 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕ್ ನಗರದ ಕ್ಯೂ ಗಾರ್ಡನ್ಸ್‌ನಲ್ಲಿ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಕಿಟ್ಟಿ ಜಿನೊವೀಸ್ ಎಂಬ 28 ವರ್ಷದ ಯುವತಿಯನ್ನು ಅಪರಿಚಿತನೊಬ್ಬ ಇರಿದು ಕೊಂದಾಗಲೂ, ಕೂಗು ಕೇಳಿದ ನೆರೆಯವರಲ್ಲಿ ಕೆಲವರು ಪ್ರೇಮಿಗಳ ಜಗಳವಿರಬೇಕೆಂದು ಭಾವಿಸಿ ಸುಮ್ಮನಿದ್ದರು.

ಆ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಜಗತ್ತಿಗೆ ತಲುಪಿದ್ದು ತಪ್ಪಾದ ರೂಪದಲ್ಲಿ. 38 ಮಂದಿ ಕಿಟಕಿಯಲ್ಲಿ ನಿಂತು ಕೊಲೆಯನ್ನು ಕಡೆಯವರೆಗೂ ನೋಡಿದರೆಂದು ಪತ್ರಿಕೆಗಳು ಸಾರಿದವು. ಅದು ಉತ್ಪ್ರೇಕ್ಷೆಯಾಗಿತ್ತೆಂದು ಬಹುಕಾಲದ ಮೇಲೆ ತಿಳಿದುಬಂತು. ಹೆಚ್ಚಿನವರು ನೋಡಿರಲಿಲ್ಲ, ಏನೋ ಸದ್ದನ್ನು ಕೇಳಿದ್ದರಷ್ಟೆ. ನೆರೆಯ ಮಹಿಳೆಯೊಬ್ಬಳು ಕೆಳಗೆ ಓಡಿಬಂದು, ಕೊಲೆಗಾರ ಅಲ್ಲೇ ಇರಬಹುದೆಂಬ ಭಯವನ್ನೂ ಲೆಕ್ಕಿಸದೆ, ಪ್ರಾಣ ಹೋಗುತ್ತಿದ್ದವಳನ್ನು ತೋಳಿನಲ್ಲಿ ಹಿಡಿದುಕೊಂಡಿದ್ದಳು. ಆದರೆ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿ ಇನ್ನೊಂದಿದೆ. ಮೊದಲ ಇರಿತದ ವೇಳೆ ಎದುರು ಕಟ್ಟಡದ ಕಿಟಕಿಯಿಂದ ಒಬ್ಬಾತ ‘ಆ ಹುಡುಗಿಯನ್ನು ಬಿಡು’ ಎಂದು ಗದರಿದ. ಆ ಒಂದು ಕೂಗಿಗೆ ಕೊಲೆಗಾರ ಓಡಿದ. ಆಮೇಲೆ ಯಾರೂ ಇಳಿದು ಬರಲಿಲ್ಲ, ಆಕೆ ಒಬ್ಬಳೇ ಗೋಡೆ ಹಿಡಿದುಕೊಂಡು ಕಟ್ಟಡದ ಹಿಂಬದಿಗೆ ಹೋದಳು, ಅವನು ಮರಳಿ ಬಂದ. ಕೂಗಿದವನು ಕಿಟಕಿ ಮುಚ್ಚಿ ಮಲಗಿಬಿಡುತ್ತಾನೆಂದು ತಾನು ಎಣಿಸಿದ್ದಾಗಿ ಅವನೇ ಮುಂದೆ ಹೇಳಿದ. ನಿಮ್ಮ ಪತ್ರದಲ್ಲಿ ‘ಕಿಟಕಿ ಮುಚ್ಚಿದೆ’ ಎಂಬ ಮಾತನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ನಿಮ್ಮ ಬೀದಿಯವರು ಕಲ್ಲೆದೆಯವರೆಂದು ನಾನು ನಂಬುವುದಿಲ್ಲ. ಈ ಕೊಲೆಯಿಂದ ಪ್ರೇರಿತರಾಗಿ ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ನಡೆಸಿ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು, ಒಬ್ಬನಿಗೆ ಫಿಟ್ಸ್ ಬಂದಂತಹ ಧ್ವನಿಯನ್ನು ಕೇಳಿದರು. ಕೇಳುತ್ತಿರುವುದು ತಾನೊಬ್ಬನೇ ಎಂದು ತಿಳಿದವರಲ್ಲಿ ಶೇ. 85ರಷ್ಟು ಮಂದಿ ಆ ಧ್ವನಿ ನಿಲ್ಲುವ ಮೊದಲೇ ಸಹಾಯ ಕರೆಯಲು ಹೊರಬಂದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಬಂದವರು ಶೇ. 31 ಮಾತ್ರ. ಸುಮ್ಮನೆ ಕುಳಿತವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಅವರಲ್ಲಿ ಕರುಣೆಗೆ ಕೊರತೆ ಇರಲಿಲ್ಲ, ಹೊಣೆ ಮಾತ್ರ ಹಂಚಿಹೋಗಿತ್ತು. ನಿಮ್ಮ ಬೀದಿಯಲ್ಲಿ ಹತ್ತಿದ ಒಂದೊಂದು ದೀಪವೂ ಪಕ್ಕದ ಮನೆಯವರಿಗೆ ‘ಬೇರೆಯವರು ಎದ್ದಿದ್ದಾರೆ, ಅವರು ನೋಡಿಕೊಳ್ಳುತ್ತಾರೆ’ ಎಂದೇ ಹೇಳಿರಬೇಕು.

ದ್ರೌಪದಿಯನ್ನು ಎಳೆತಂದ ಸಭೆಯಲ್ಲಿ ವಿದುರ ಪಾಪದ ಲೆಕ್ಕ ಹೇಳುತ್ತಾನೆ: ಅರ್ಧ ಸಭೆಯ ಹಿರಿಯನಿಗೆ, ಕಾಲು ಭಾಗ ಮಾಡಿದವನಿಗೆ, ಉಳಿದ ಕಾಲು ಖಂಡಿಸದೆ ಕುಳಿತ ಸಭಾಸದರಿಗೆ. ತಪ್ಪು ಮಾಡಿದವನಿಗೂ ನೋಡುತ್ತ ಕುಳಿತವರಿಗೂ ಅಲ್ಲಿ ಸಮಪಾಲು. ಅಷ್ಟು ಕಠಿಣವಾಗಿ ನಾನು ಹೇಳಲಾರೆ. ಆದರೆ ಕುಳಿತವರ ಲೆಕ್ಕ ಸೊನ್ನೆ ಎಂದಂತೂ ಅವನು ಹೇಳಲಿಲ್ಲ.

‘ಕಾನೂನು ನನ್ನಿಂದ ಇದನ್ನು ಬಯಸುತ್ತದೆಯೇ?’ ಎಂದೂ ಕೇಳಿದ್ದೀರಿ. ತನಗಾಗಲಿ ಇತರರಿಗಾಗಲಿ ಅಪಾಯವಿಲ್ಲದೆ ತಡೆಯಬಹುದಾಗಿದ್ದ ದೈಹಿಕ ಹಿಂಸೆಯನ್ನು ತಡೆಯದವನಿಗೆ ಫ್ರಾನ್ಸಿನ ದಂಡಸಂಹಿತೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಲ್ಲದು. ನಮ್ಮಲ್ಲಿ ಅಂತಹ ಸಾಮಾನ್ಯ ನಿಯಮವಿಲ್ಲ. ಕೊಲೆ, ದರೋಡೆಯಂತಹ ಕೆಲವು ಅಪರಾಧಗಳು ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕೆಂಬ ವಿಧಿ ಇದ್ದರೂ ಹೆಂಡತಿಯ ಮೇಲಿನ ಕ್ರೌರ್ಯ ಆ ಪಟ್ಟಿಯಲ್ಲಿಲ್ಲ. ಆದರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯ 4ನೇ ಕಲಮನ್ನು ನೀವು ಓದಬೇಕು. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ. ‘ಅದು ಅವರ ಮನೆಯ ವಿಷಯ’ ಎಂಬ ಮಾತನ್ನು ಕಾನೂನು ಅಂದೇ ತಳ್ಳಿಹಾಕಿದೆ.

ನಿಮಗೆ ಅರವತ್ತೆಂಟು ವಯಸ್ಸು, ಆತ ಕಟ್ಟುಮಸ್ತಾದ ಆಳು ಎಂದು ಬರೆದಿದ್ದೀರಿ. ಒಳಗೆ ನುಗ್ಗಿ ಅವನ ಕೈ ಹಿಡಿಯಬೇಕಿತ್ತೆಂದು ಯಾರೂ ಹೇಳಲಾರರು, ಪ್ರಾಣವನ್ನು ಪಣಕ್ಕಿಡುವುದು ಕರ್ತವ್ಯವಲ್ಲ. ಆದರೆ 112ಕ್ಕೆ ಕರೆ ಮಾಡುವುದಕ್ಕೆ ತೋಳ್ಬಲ ಬೇಕಿರಲಿಲ್ಲ. ಎದುರು ಮನೆಯವರನ್ನು ಹೆಸರು ಹಿಡಿದು ಕೂಗಿ ಕರೆದು ನಾಲ್ವರು ಸೇರಿ ಬಾಗಿಲು ತಟ್ಟಬಹುದಿತ್ತು. 2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ನಮ್ಮ ದೇಶದಲ್ಲಿ ಆರಂಭಿಸಿದ ‘ಬೆಲ್ ಬಜಾವೋ’ ಆಂದೋಲನ ಜನರಿಂದ ಬಯಸಿದ್ದು ಇಷ್ಟನ್ನೇ: ಹೊಡೆತದ ಸದ್ದು ಕೇಳಿದರೆ ಹೋಗಿ ಕರೆಗಂಟೆ ಒತ್ತಿ, ಯಾವುದಾದರೂ ಸಣ್ಣ ನೆಪ ಹೇಳಿ. ಹೊಡೆಯುವವನ ಧೈರ್ಯವೆಲ್ಲ ಯಾರೂ ಕೇಳುವುದಿಲ್ಲವೆಂಬ ನಂಬಿಕೆಯ ಮೇಲೆ ನಿಂತಿರುತ್ತದೆ.

ಆಕೆ ಆಸ್ಪತ್ರೆಯಿಂದ ಅದೇ ಮನೆಗೆ ಮರಳಿದ್ದಾಳೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ನಿಮ್ಮ ಪ್ರಶ್ನೆ ಹಿಂದಿನದಲ್ಲ, ಮುಂದಿನ ರಾತ್ರಿಯದು. ಆತ ಕೆಲಸಕ್ಕೆ ಹೋದ ಹೊತ್ತು ನೋಡಿ, ನಿಮ್ಮ ಮನೆಯವರನ್ನು ಆಕೆಯ ಬಳಿ ಕಳಿಸಿ. ಆ ರಾತ್ರಿ ನಮಗೆ ಕೇಳಿಸಿತ್ತು, ಬರದೆ ಇದ್ದದ್ದು ತಪ್ಪಾಯಿತು ಎಂದು ಹೇಳಲಿ. ದೂರು ಕೊಡಬೇಕೇ, ತವರಿಗೆ ಹೋಗಬೇಕೇ ಎಂಬುದನ್ನು ಆಕೆಯೇ ನಿರ್ಧರಿಸಲಿ. ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನೂ ಹತ್ತಿರದ ಸಾಂತ್ವನ ಕೇಂದ್ರದ ವಿಳಾಸವನ್ನೂ ಆಕೆಯ ಕೈಗೆ ತಲುಪಿಸಿ. ಇನ್ನೊಮ್ಮೆ ಕೂಗು ಕೇಳಿದರೆ ಯಾರು ಫೋನ್ ಮಾಡುವುದು, ಯಾರು ಮೊದಲು ಬಾಗಿಲು ತಟ್ಟುವುದು ಎಂಬುದನ್ನು ಎದುರು ಮನೆಯವರೊಂದಿಗೆ ಈ ವಾರವೇ ಕುಳಿತು ಗೊತ್ತುಮಾಡಿಕೊಳ್ಳಿ.

— ಸಂಪಾದಕ