ಬೇಸಿಗೆಯಲ್ಲಿ ಆಲೂಗಡ್ಡೆ ಹಸಿರಾಗುವುದು, ಒಳಗೆ ಕಪ್ಪಾಗುವುದು ಯಾಕೆ? ಬೇಯಿಸಿದರೆ ವಿಷ ಹೋಗುತ್ತದೆಯೇ?

ಮಾರ್ಚಿನಲ್ಲಿ ಕಲಬುರಗಿ ಮಾರ್ಕೆಟ್ಟಿನಿಂದ ಒಂದು ಚೀಲ ಆಲೂಗಡ್ಡೆ ತಂದು ತಗಡಿನ ಕೋಣೆಯಲ್ಲಿ ಇಟ್ಟಿದ್ದೀರಿ. ಮೇ ಹೊತ್ತಿಗೆ ಕೆಲವು ಹಸಿರಾದವು, ಕೆಲವು ಮೊಳೆತವು, ಹೊರಗೆ ನೆಟ್ಟಗೆ ಕಂಡ ಕೆಲವನ್ನು ಕೊಯ್ದರೆ ನಡುವೆ ಕರ್ರಗಿತ್ತು. ಬೇಯಿಸಿದರೆ ವಿಷ ಹೋಗುತ್ತದೆಯೇ, ಮೊಳೆತದ್ದನ್ನು ಕುಂಡದಲ್ಲಿ ನೆಟ್ಟರೆ ಬರೀ ಸೊಪ್ಪು ಯಾಕೆ ಬಂತು ಎಂದು ಕೇಳಿದ್ದೀರಿ.

ಬೇಯಿಸಿದರೆ ಹೋಗುವುದಿಲ್ಲ. ಆಲೂಗಡ್ಡೆಯ ವಿಷವೆಂದರೆ ಮುಖ್ಯವಾಗಿ ಸೊಲನಿನ್ ಮತ್ತು ಚಾಕೊನಿನ್ ಎಂಬ ಎರಡು ಗ್ಲೈಕೊಆಲ್ಕಲಾಯ್ಡ್‌ಗಳು, ಅಂದರೆ ಗಿಡದಲ್ಲೇ ಹುಟ್ಟುವ ಕಹಿ ವಸ್ತುಗಳು. ಅವು ಒಡೆಯಬೇಕಾದರೆ 200 ಡಿಗ್ರಿ ದಾಟಿದ ಶಾಖ ಬೇಕು. ನೀರು ಕುದಿಯುವುದು 100ಕ್ಕೆ, ಕುಕ್ಕರ್ ಮುಟ್ಟುವುದು ಸುಮಾರು 120ಕ್ಕೆ, ಭಜಿ ಕರಿಯುವ ಎಣ್ಣೆ 170–180ಕ್ಕೆ. ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೂ ಹೆಚ್ಚು ಪ್ರಯೋಜನವಿಲ್ಲ, ಅವು ನೀರಿಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಹಸಿರು ಬಣ್ಣ ಮಾತ್ರ ವಿಷವಲ್ಲ. ಅದು ಪಾಲಕ್ ಸೊಪ್ಪಿನಲ್ಲಿರುವ ಕ್ಲೋರೊಫಿಲ್ಲೇ. ಆಲೂಗಡ್ಡೆ ಬೇರಲ್ಲ, ಮಣ್ಣೊಳಗೆ ಉಬ್ಬಿಕೊಂಡ ಕಾಂಡ. ಅದರ ‘ಕಣ್ಣು’ಗಳು ಕಾಂಡದ ಮೇಲಿನ ಮೊಗ್ಗುಗಳು, ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಸುರುಳಿಯಾಗಿ ಜೋಡಿಸಿಕೊಂಡಿರುತ್ತವೆ. ಕಾಂಡಕ್ಕೆ ಬೆಳಕು ಬಿದ್ದರೆ ಹಸಿರಾಗುವುದು ಅದರ ಜಾಯಮಾನ: ಪಿಷ್ಟ ತುಂಬಿದ್ದ ಕಣಗಳೇ ಹರಿತ್ತಿನ ಕಣಗಳಾಗಿ ಬದಲಾಗುತ್ತವೆ. ತೊಂದರೆ ಏನೆಂದರೆ, ಅದೇ ಬೆಳಕು ಸಿಪ್ಪೆಯಲ್ಲಿ ಸೊಲನಿನ್ ತಯಾರಿಯನ್ನೂ ಹೆಚ್ಚಿಸುತ್ತದೆ. ಎರಡೂ ಬೇರೆ ಬೇರೆ ಕ್ರಿಯೆಗಳು, ಹಾಗಾಗಿ ಹಸಿರಿನ ಗಾಢತೆ ನೋಡಿ ವಿಷ ಇಷ್ಟೇ ಎಂದು ಅಳೆಯಲು ಬರುವುದಿಲ್ಲ. ಏಟು ಬಿದ್ದ, ಸನಿಕೆ ತಾಗಿದ ಗಡ್ಡೆಯಲ್ಲಿ ಹಸಿರಿಲ್ಲದೆಯೂ ವಿಷ ಏರಬಹುದು. ನಾಲಿಗೆ ಕಹಿ ಎಂದರೆ, ಗಂಟಲು ಉರಿದರೆ ನಾಲಿಗೆಯ ಮಾತು ಕೇಳಿ, ಉಗುಳಿಬಿಡಿ.

ಈ ವಿಷಕ್ಕೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಿತಿ 100 ಗ್ರಾಂ ಗಡ್ಡೆಗೆ 20 ಮಿಲಿಗ್ರಾಂ. ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಹೊಟ್ಟೆಗೆ ಹೋದರೂ ಕೆಲವರಿಗೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾಗಬಹುದು. ಮಿತಿಯ ಅಂಚಿನಲ್ಲಿರುವ ಗಡ್ಡೆಯನ್ನು 60 ಕಿಲೋ ತೂಕದವರು 300 ಗ್ರಾಂ ತಿನ್ನಬೇಕಾದೀತು, 15 ಕಿಲೋ ತೂಕದ ಮಗುವಿಗೆ 75 ಗ್ರಾಂ, ಅಂದರೆ ಒಂದು ಸಣ್ಣ ಗಡ್ಡೆ ಸಾಕು. 1969ರಲ್ಲಿ ಲಂಡನ್ನಿನ ಶಾಲೆಯೊಂದರಲ್ಲಿ 78 ಹುಡುಗರು ಕಾಯಿಲೆ ಬಿದ್ದದ್ದು ಇಂಥದ್ದರಿಂದಲೇ ಎಂದು ವೈದ್ಯರು ಶಂಕಿಸಿದರು. ಬೇಸಿಗೆ ರಜೆಗೆ ಮುಂಚೆ ಉಳಿದಿದ್ದ ಚೀಲದ ಆಲೂಗಡ್ಡೆಯನ್ನು ಅಲ್ಲಿ ಬಡಿಸಿದ್ದರು.

ಹಾಗಾದರೆ ನಿಮ್ಮ ಚೀಲವನ್ನು ಹೀಗೆ ವಿಂಗಡಿಸಿ. ಅಲ್ಲಲ್ಲಿ ರೂಪಾಯಿ ಅಗಲದ ಹಸಿರಿದ್ದರೆ ಸಿಪ್ಪೆ ದಪ್ಪಗೆ, ಮೂರ್ನಾಲ್ಕು ಮಿಲಿಮೀಟರ್ ಆಳಕ್ಕೆ, ತೆಗೆಯಿರಿ. ವಿಷದ ಬಹುಪಾಲು ಸಿಪ್ಪೆ ಮತ್ತು ಅದರ ಕೆಳಗಿನ ಪದರದಲ್ಲೇ ಇರುತ್ತದೆ. ಸಣ್ಣ ಮೊಳಕೆ ಇದ್ದು ಗಡ್ಡೆ ಗಟ್ಟಿಯಿದ್ದರೆ ಮೊಳಕೆಯನ್ನು ಕಣ್ಣಿನ ಸಮೇತ ಕೆತ್ತಿ ತೆಗೆದು ಬಳಸಬಹುದು. ಮೊಳಕೆಯಲ್ಲಿ ವಿಷ ಗಡ್ಡೆಗಿಂತ ಬಹಳ ಪಾಲು ಹೆಚ್ಚು. ಅರ್ಧಕ್ಕಿಂತ ಹೆಚ್ಚು ಹಸಿರಾದದ್ದು, ಮೆತ್ತಗೆ ಸುಕ್ಕುಗಟ್ಟಿದ್ದು ತಿಪ್ಪೆಗೆ. ಮಕ್ಕಳಿರುವ ಮನೆಯಲ್ಲಿ ಅನುಮಾನ ಬಂದದ್ದೆಲ್ಲ ತಿಪ್ಪೆಗೇ ಹೋಗಲಿ, ಹತ್ತು ರೂಪಾಯಿಗೆ ಜಿಪುಣತನ ಬೇಡ. ಆ ಸಿಪ್ಪೆ, ಮೊಳಕೆಗಳನ್ನು ಎಮ್ಮೆಗೂ ಹಾಕಬೇಡಿ.

ನಡುವಿನ ಕಪ್ಪು ಬೇರೆಯೇ ಸಂಗತಿ. ಅದಕ್ಕೂ ಸೊಲನಿನ್‌ಗೂ ಸಂಬಂಧವಿಲ್ಲ. ಗಡ್ಡೆ ಜೀವಂತ, ಉಸಿರಾಡುತ್ತದೆ. ಬಿಸಿ ಏರಿದಷ್ಟೂ ಉಸಿರು ಜೋರಾಗುತ್ತದೆ. 35 ಡಿಗ್ರಿ ದಾಟಿದ ಮೇಲೆ ಒಳಗಿನ ಕೋಶಗಳಿಗೆ ಬೇಕಾದಷ್ಟು ಆಮ್ಲಜನಕ ಸಿಪ್ಪೆಯ ಮೂಲಕ ತಲುಪುವುದಿಲ್ಲ. ನಡುಭಾಗ ಉಸಿರುಗಟ್ಟಿ ಸಾಯುತ್ತದೆ, ಅಲ್ಲಿನ ಟೈರೊಸಿನ್ ಎಂಬ ಅಮೈನೊ ಆಮ್ಲ ಮುಂತಾದವು ಕಪ್ಪು ವರ್ಣದ್ರವ್ಯವಾಗುತ್ತವೆ. ಹೊರಗೆ 42 ಡಿಗ್ರಿ ಇರುವಾಗ ತಗಡಿನ ಕೋಣೆಯೊಳಗಿನ ಚೀಲದ ಗತಿ ಏನೆಂದು ನೀವೇ ಊಹಿಸಿ. ಕಪ್ಪನ್ನು ಕೊಯ್ದು ಉಳಿದದ್ದನ್ನು ತಿನ್ನಬಹುದು, ವಾಸನೆ ಬಂದಿದ್ದರೆ ಬೇಡ. ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ಹಗೇವು ಮಾಡುತ್ತಿದ್ದರಲ್ಲ, ಆಲೂಗಡ್ಡೆಗೆ ಆ ಉಪಾಯ ನಡೆಯುವುದಿಲ್ಲ. ಒಣಗಿದ ಜೋಳಕ್ಕೆ ಗಾಳಿ ಇಲ್ಲದಿರುವುದೇ ರಕ್ಷಣೆ. ನೂರಕ್ಕೆ ಸುಮಾರು 80 ಪಾಲು ನೀರಿರುವ ಗಡ್ಡೆಗೆ ಅದೇ ಮಿತ್ತು.

ಇಡುವುದಾದರೆ ಮನೆಯ ಅತಿ ತಂಪಾದ, ಕತ್ತಲಾದ ಮೂಲೆಯಲ್ಲಿ, ಶಹಾಬಾದ್ ಫರ್ಸಿಯ ಮೇಲೆ ಬಿದಿರಿನ ಬುಟ್ಟಿಯಲ್ಲಿ ಒಂದೆರಡು ಪದರವಾಗಿ ಹರಡಿ, ಮೇಲೆ ಗೋಣಿತಾಟು ಮುಚ್ಚಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಏಪ್ರಿಲ್, ಮೇನಲ್ಲಿ ಎಂಟು ಹತ್ತು ದಿನಕ್ಕೆ ಬೇಕಾದಷ್ಟೇ ತರುವುದು ಲೇಸು. ಫ್ರಿಜ್ಜಿನ 4 ಡಿಗ್ರಿಯಲ್ಲಿ ಮೊಳಕೆ ತಡೆಯುತ್ತದೆ, ಆದರೆ ಪಿಷ್ಟ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಗಡ್ಡೆ ಸಿಹಿಯಾಗುತ್ತದೆ. ಅದನ್ನು ಕರಿದರೆ ಬೇಗ ಕಂದುಗಟ್ಟುತ್ತದೆ, ಅಕ್ರಿಲಮೈಡ್ ಎಂಬ ಹಾನಿಕರ ವಸ್ತುವೂ ಹೆಚ್ಚಬಹುದು. ಬೇಯಿಸಿ ಪಲ್ಯ ಮಾಡಲು ಅಡ್ಡಿಯಿಲ್ಲ, ಚಿಪ್ಸಿಗೆ ಬೇಡ.

ಇನ್ನು ಕುಂಡದ ಸೊಪ್ಪು. ಗಡ್ಡೆ ಕಟ್ಟು ಎಂಬ ಸಂದೇಶ ಎಲೆಯಲ್ಲಿ ಹುಟ್ಟುವ ಒಂದು ಪ್ರೋಟೀನ್. ಅದು ಮಣ್ಣೊಳಗಿನ ಬಳ್ಳಿಗಾಲುಗಳ, ಅಂದರೆ ಗಡ್ಡೆ ಕಟ್ಟುವ ತೆಳು ಕಾಂಡಗಳ, ತುದಿಗೆ ಇಳಿಯಬೇಕು. ಬಿಸಿಯಲ್ಲಿ ಅದರ ಉತ್ಪತ್ತಿ ಕುಗ್ಗುತ್ತದೆ. ಗಡ್ಡೆಗೆ 15–20 ಡಿಗ್ರಿ ಹಿತ, ರಾತ್ರಿಯ ಬಿಸಿ 22 ದಾಟಿದರೆ ಇಳುವರಿ ಬೀಳುತ್ತದೆ, ಮಣ್ಣು 30ರ ಹತ್ತಿರ ಹೋದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಗಿಡ ಆಗ ಸಕ್ಕರೆಯನ್ನು ಎಲೆ, ಕಾಂಡಕ್ಕೇ ಸುರಿಯುತ್ತದೆ. ಯೂರಿಯಾ ಹಾಕಿದ್ದರಂತೂ ಸೊಪ್ಪು ಇನ್ನೂ ಜೋರು. ಆ ಸೊಪ್ಪು ಕಂಡು ಪಲ್ಯದ ಆಸೆ ಬೇಡ, ಎಲೆಯೂ ವಿಷವೇ.

ನಮ್ಮಲ್ಲಿ ನೆಡುವ ಕಾಲ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ. ಹಿಂಗಾರಿ ಜೋಳ ಆಗಲೇ ನೆಲ ಸೇರಿರುತ್ತದೆ. ಎತ್ತರದಲ್ಲಿರುವ ಬೀದರಿಗೆ ಸ್ವಲ್ಪ ಹೆಚ್ಚು ಅನುಕೂಲ, ಅಲ್ಲಿನ ಕೆಂಪು ಮಣ್ಣು ಸಡಿಲವೂ ಹೌದು. ಕಲಬುರಗಿ, ಯಾದಗಿರಿಯ ಎರೆಮಣ್ಣು ಒಣಗಿದಾಗ ಬಿರಿದು ಗಡ್ಡೆಗೆ ಬೆಳಕು ಬೀಳುತ್ತದೆ, ಒದ್ದೆಯಾದಾಗ ನೀರು ನಿಂತು ಕೊಳೆಸುತ್ತದೆ. ಹಾಗಾಗಿ ಕುಂಡಕ್ಕೆ ಎರೆಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ ಸಮಪಾಲು ಬೆರೆಸಿ. 30–40 ಗ್ರಾಂ ತೂಕದ, ಎರಡು ಕಣ್ಣಿರುವ ತುಂಡನ್ನು ಎರಡು ದಿನ ನೆರಳಲ್ಲಿಟ್ಟು ಕೊಯ್ದ ಮೈ ಒಣಗಿದ ಮೇಲೆ ನಾಲ್ಕು ಇಂಚು ಆಳಕ್ಕೆ ನೆಡಿ. 25–30 ದಿನಕ್ಕೆ ಬುಡಕ್ಕೆ ಮಣ್ಣು ಏರಿಸಿ. ಸಂತೆಯ ಗಡ್ಡೆಯಲ್ಲಿ ವೈರಸ್ ಇರುವ ಸಾಧ್ಯತೆ ಹೆಚ್ಚು, ಬಿತ್ತನೆ ಗಡ್ಡೆಯೇ ಸಿಕ್ಕರೆ ಒಳ್ಳೆಯದು. ಬಿಸಿ ತಾಳುವ ಕುಫ್ರಿ ಸೂರ್ಯ ತಳಿ ಸಿಕ್ಕರೆ ಇನ್ನೂ ಒಳ್ಳೆಯದು. ಸುಮಾರು 90 ದಿನಕ್ಕೆ ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಅಗೆಯಿರಿ. ಫೆಬ್ರುವರಿ ಬಿಸಿಲು ಏರುವ ಮೊದಲೇ ಗಡ್ಡೆ ಮಣ್ಣಿನಿಂದ ಹೊರಗೆ ಬಂದಿರಲಿ.